ನೆಂಟರು ತಂದ ಹುಂಜ

ತಾದೆವುಸ್ ಜೆಲಾಹುವನ್ನು ನಾನು ಮೊದಲು ಕಂಡದ್ದು ೧೯೮೪ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ. ಶಾಲೆಗೆ ಮೇಷ್ಟರಾಗಿ ಹೋಗಬೇಕೆಂಬ ಸರಕಾರದ ಆದೇಶವನ್ನು ಹಿಡಿದು, ಫ್ಲೋರೆಸ್ ದ್ವೀಪದ ಮೂಡಣ ಕರಾವಳಿಯಿಂದ ಹೊರಟವನು ಮೂರನೆಯ ದಿನ ಮಧ್ಯಾಹ್ನ ಗೋಲೊ ಲೆಂಬು ಊರಿನ ಬಾಗಿಲಿಗೆ ಬಂದು ನಿಂತೆ. ಟ್ರಕ್ಕು ಆಗ ಕೆಳಗಿನ ಹೊಳೆಯವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಎರಡು ತಾಸಿನ ಏರು. ಹೆಗಲ ಮೇಲೆ ತಗಡಿನ ಟ್ರಂಕು. ಎದುರಿಗೆ, ಇಪ್ಪತ್ತೆರಡರ ಆಸುಪಾಸಿನ ತೆಳ್ಳನೆಯ ಯುವಕನೊಬ್ಬ ಕಸೂತಿಯಿದ್ದ ಕಪ್ಪು ಪಂಚೆಯನ್ನುಟ್ಟು, ತಲೆಗೆ ವಸ್ತ್ರ ಬಿಗಿದು, ಒಂದು ಕಂಕುಳಲ್ಲಿ ಬಿಳಿಯ ಹುಂಜವನ್ನೂ ಇನ್ನೊಂದು ಕೈಯಲ್ಲಿ ಹೆಂಡದ ಬಾಟಲಿಯನ್ನೂ ಹಿಡಿದು ನಿಂತಿದ್ದ. ಅವನ ಹಿಂದೆ ಅರ್ಧ ಊರೇ ನೆರೆದಿತ್ತು.

ಹೊಸಬರು ಬಂದರೆ ಹೀಗೆ ಎದುರುಗೊಳ್ಳುವುದು ಅಲ್ಲಿಯ ರೂಢಿ. ಊರಿನ ಪರವಾಗಿ ಮಾತನಾಡಲು ಒಬ್ಬ ಮಾತುಗಾರನಿರುತ್ತಾನೆ. ಆಗ ಆ ಕೆಲಸ ತಾದೆವುಸನ ತಂದೆಯದಾಗಿತ್ತು. ಅವರಿಗೆ ಕೆಮ್ಮು ಹೆಚ್ಚಾಗಿದ್ದುದರಿಂದ ಅಂದು ಮಗನನ್ನು ಕಳುಹಿಸಿದ್ದರು. ಅವನು ಚೆನ್ನಾಗಿಯೇ ಆರಂಭಿಸಿದ. ಅರ್ಧ ದಾರಿಯಲ್ಲಿ ಮಾತು ಮರೆತು ನಿಂತುಬಿಟ್ಟ. ಗಾಬರಿಯಲ್ಲಿ ಹುಂಜವನ್ನು ನನ್ನ ಕೈಗಿಟ್ಟ. ನಾನು ಅದರ ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸಿದೆ.

"ನೋಡ್ರೇ, ಗುರುಗಳು ಸಂತೇಲಿ ಕೊಂಡ ಹಾಗೆ ಹಿಡ್ಕೊಂಡಿದಾರೆ," ಎಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು.

ತಾದೆವುಸ್ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ತಲೆ ಮೇಲೆ ಮಾಡಿ ಹಿಡ್ಕೊಳ್ಳಿ, ಗುರುಗಳೇ. ಅದಕ್ಕೆ ನಿಮ್ಮ ಮುಖ ಕಾಣಿಸ್ಬೇಕು," ಎಂದ. ನಾನು ಹಾಗೆ ಹಿಡಿದೊಡನೆ ಮರೆತ ಮಾತು ಅವನಿಗೆ ನೆನಪಾಯಿತು.

ನನ್ನ ಟ್ರಂಕನ್ನು ಶಾಲೆಯವರೆಗೆ ಅವನೇ ಹೊತ್ತು ತಂದ. ದಾರಿಯಲ್ಲಿ ಕೇಳಿದ: "ನಿಮ್ಮ ಕಡೆ ಸತ್ತೋರನ್ನ ಊಟಕ್ಕೆ ಯಾರು ಕರೀತಾರೆ?"

"ಪಾದ್ರಿಗಳು ಅವರಿಗೋಸ್ಕರ ಪೂಜೆ ಮಾಡ್ತಾರೆ."

"ಪೂಜೆ ಸರಿ. ಊಟ?"

ಅವನು ನನ್ನನ್ನು ಮರುಕದಿಂದ ನೋಡಿದ.

ಮುಂದಿನ ವರ್ಷ ಅವನ ತಂದೆ ತೀರಿಕೊಂಡರು, ತಾದೆವುಸ್ ಮಾತುಗಾರನಾದ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಓದಲು ಕೊಟ್ಟರೆ ಅಕ್ಷರ ಅಕ್ಷರವಾಗಿ ತಡವರಿಸುತ್ತಿದ್ದ. ಆದರೆ ಊರಿನ ಹದಿನಾಲ್ಕು ತಲೆಮಾರುಗಳ ಹೆಸರುಗಳನ್ನು, ಯಾರು ಯಾರ ಮಗ, ಯಾರು ಯಾವ ಊರಿಂದ ಮದುವೆಯಾಗಿ ಬಂದವಳು ಎಂಬುದನ್ನು, ಒಂದೂ ತಪ್ಪದಂತೆ ಹೇಳುತ್ತಿದ್ದ. ಉಳಿದ ದಿನಗಳಲ್ಲಿ ಅವನು ಎಲ್ಲರಂತೆ ಕಾಫಿ ಗಿಡಗಳ ಒಡೆಯ, ಎರಡು ಹಂದಿಗಳ ಯಜಮಾನ, ಲುದೊವಿಕಾಳ ಗಂಡ. ಸುಗ್ಗಿ ಮುಗಿದ ಮೇಲೆ, ನವೆಂಬರಿನಲ್ಲಿ, ಅವನು ಬೇರೆಯೇ ಆಗುತ್ತಿದ್ದ. ಬೆಟ್ಟದ ಕಾಡಿನೊಳಗೆ ಊರಿಗೆಲ್ಲ ನೀರು ಕೊಡುವ ಒರತೆಯೊಂದಿದೆ. ಅಲ್ಲಿಗೆ ಹೋಗಿ, ಕೋಳಿಮೊಟ್ಟೆಯೊಂದನ್ನಿಟ್ಟು, ಸತ್ತವರನ್ನೆಲ್ಲ ಹೆಸರು ಹಿಡಿದು ಹಬ್ಬದೂಟಕ್ಕೆ ಕರೆಯುತ್ತಿದ್ದ. ಬಂಡೆಯ ಸಂದಿಯಿಂದ ಮುದಿ ಹಾವುಮೀನೊಂದು ಹೊರಬಂದು ಮೊಟ್ಟೆಯನ್ನು ಮುಟ್ಟಿದರೆ, ಕರೆ ತಲಪಿತು ಎಂದು ಅರ್ಥ. ನಾನು ಮೂವತ್ತು ವರ್ಷ ನೋಡಿದ್ದೇನೆ. ಆ ಮೀನು ಬಾರದ ವರ್ಷವಿರಲಿಲ್ಲ.

ಊರಿನವರಿಗೆ ಅವನು 'ಎಮಾ ತಾದು'. ಎಮಾ ಎಂದರೆ ಅಪ್ಪ; ಹಿರಿಯ ಗಂಡಸರನ್ನೆಲ್ಲ ಅಲ್ಲಿ ಹಾಗೆಯೇ ಕರೆಯುವುದು.

ಬೆಟ್ಟದ ಬುಡದಲ್ಲಿ, ನೆಲದೊಳಗಿನ ಬಿಸಿ ಉಗಿಯಿಂದ ವಿದ್ಯುತ್ತು ತೆಗೆಯುವ ಸ್ಥಾವರ ಬಂದದ್ದು ನಾನು ನಿವೃತ್ತನಾಗುವ ಕೆಲವು ವರ್ಷಗಳ ಮೊದಲು. ನಾವು ಅದನ್ನು ಉಗಿ ಕಾರ್ಖಾನೆ ಎನ್ನುತ್ತಿದ್ದೆವು. ಆಗ ಯಾರೂ ವಿರೋಧಿಸಲಿಲ್ಲ. ಹುಡುಗರಿಗೆ ಕೂಲಿ ಸಿಕ್ಕಿತು, ಶಾಲೆಗೆ ದೀಪ ಬಂತು. ಗಾಳಿ ತಿರುಗಿದ ದಿನ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು; ಛಾವಣಿಯ ತಗಡುಗಳು ಬೇಗ ತುಕ್ಕು ಹಿಡಿದವು. ಎಲ್ಲಕ್ಕಿಂತ ವಿಚಿತ್ರವೆಂದರೆ ಸದ್ದು. ಅದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು. ನೆಲದಡಿಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಒಂದೇ ಸ್ವರ ಹಿಡಿದ ಹಾಗೆ. ಕೆಲವು ತಿಂಗಳಲ್ಲಿ ಅದು ನಮಗೆ ರೂಢಿಯಾಯಿತು. ತಾದೆವುಸ್ ಮಾತ್ರ, "ಹೆಸರು ಹೇಳುವಾಗ ಅಡ್ಡ ಬರುತ್ತೆ, ಗುರುಗಳೇ," ಎನ್ನುತ್ತಿದ್ದ.

ಕಂಪನಿಗೆ ಕೆಳಗಿನ ಉಗಿಬಾವಿಗಳು ಸಾಲದೆ ಹೋದವು. ೨೦೧೭ರ ಜುಲೈಯಲ್ಲಿ ಅವರ ಅಧಿಕಾರಿ ಹಾರ್ಯಾದಿ ಎಂಬವರು ಬೆಟ್ಟ ಹತ್ತಿ ಬಂದರು. ಜಾವಾ ಕಡೆಯವರು, ಮೆದು ಮಾತಿನವರು. ಒರತೆಯ ಮೇಲಿನ ಕಾಡಿನಲ್ಲಿ ಐದು ಹೊಸ ಬಾವಿ ಕೊರೆಯುವ ಯೋಚನೆ ಇದೆಯೆಂದೂ ಸದ್ಯಕ್ಕೆ ಕಾಡನ್ನು ನೋಡಲು ಮಾತ್ರ ಬಂದಿರುವುದಾಗಿಯೂ ಹೇಳಿದರು. ಕೆಳಗಿನ ಪೇಟೆಯಲ್ಲಿ ಯಾರೋ ಅವರಿಗೆ ರೂಢಿಯನ್ನು ಹೇಳಿಕೊಟ್ಟಿದ್ದರು; ಬಿಳಿಯ ಹುಂಜವನ್ನೂ ಹೆಂಡವನ್ನೂ ತಂದಿದ್ದರು. ಹುಂಜವನ್ನು ಸರಿಯಾಗಿಯೇ, ತಲೆ ಮೇಲಾಗಿ ಹಿಡಿದಿದ್ದರು.

ಹುಂಜ ತಂದ ನೆಂಟನನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವ ಪದ್ಧತಿ ನಮ್ಮಲ್ಲಿಲ್ಲ. ಅವರನ್ನು ಡೋಲುಮನೆಗೆ ಕರೆದೊಯ್ದೆವು. ಊರಿನ ಡೋಲುಗಳನ್ನು ತೂಗುಹಾಕುವ, ಹುಲ್ಲಿನ ಎತ್ತರದ ಛಾವಣಿಯ ದುಂಡನೆಯ ಮನೆ ಅದು. ನಡುಗಂಬದ ಬುಡದಲ್ಲಿ ಸತ್ತ ಹಿರಿಯರು ಕುಳಿತಿರುತ್ತಾರೆಂದು ಅಲ್ಲಿ ಯಾರೂ ಕಾಲು ಚಾಚುವುದಿಲ್ಲ. ತಾದೆವುಸ್ ಹುಂಜವನ್ನೆತ್ತಿ ಹಿಡಿದು, ಬಂದವರು ಯಾರು, ಏಕೆ ಬಂದರು ಎಂದು ಹಿರಿಯರಿಗೆ ತಿಳಿಸಿದ. ಬಳಿಕ ಹುಂಜವನ್ನು ಕೊಯ್ದು ಕರುಳು ನೋಡಬೇಕು. ಹೊಟ್ಟೆಯೊಳಗಿನ ಎರಡು ಎಳೆಗರುಳು ಸರಿಸಮನಾಗಿ ಚಾಚಿಕೊಂಡಿದ್ದರೆ ಹಿರಿಯರು ಒಪ್ಪಿದರೆಂದೂ, ಒಂದು ಗಿಡ್ಡವಾಗಿ ಮಡಚಿಕೊಂಡಿದ್ದರೆ ಬೇಡವೆಂದರೆಂದೂ ಅರ್ಥ. ನೋಡುವವನು ಮಾತುಗಾರ ಒಬ್ಬನೇ. ಅವನು ಹೇಳಿದ್ದೇ ಹಿರಿಯರ ಮಾತು.

ಅಂದು ಅವನು ಬಹಳ ಹೊತ್ತು ನೋಡಿದ. ಕಂಪನಿಯ ಹುಡುಗನೊಬ್ಬ ಫೋಟೋ ತೆಗೆಯುತ್ತಿದ್ದ.

"ಏನಂತಾರೆ ಬಾಪಾ, ನಿಮ್ಮ ಹಿರಿಯರು?" ಎಂದು ಹಾರ್ಯಾದಿ ವಿನಯದಿಂದಲೇ ಕೇಳಿದರು. ಬಾಪಾ ಎಂದರೆ ಅವರ ಕಡೆ ಹಿರಿಯ ಗಂಡಸರನ್ನು ಗೌರವದಿಂದ ಕರೆಯುವ ಮಾತು.

"ಚೆನ್ನಾಗಿದೆ," ಎಂದ ತಾದೆವುಸ್. "ನಿಮ್ಮನ್ನ ಒಪ್ಪಿದಾರೆ."

ಎಲ್ಲರೂ ಊಟಕ್ಕೆ ಕುಳಿತೆವು. ಅವನು ತನ್ನ ಪಾಲಿನ ಮಾಂಸವನ್ನು ಎಲೆಯ ಅಂಚಿಗೆ ಸರಿಸಿದ್ದನ್ನು ನಾನು ನೋಡಿದೆ. ಆದರೆ ಏನೂ ಅಂದುಕೊಳ್ಳಲಿಲ್ಲ.

ಎರಡು ತಿಂಗಳ ಮೇಲೆ ಕಾಡಿನಲ್ಲಿ ಕೆಂಪು ಬಣ್ಣ ಬಳಿದ ಗೂಟಗಳು ಕಾಣಿಸಿಕೊಂಡವು. ಒರತೆಯಿಂದ ಮೇಲಕ್ಕೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಮೊದಲನೆಯದು. ಕೇಳಲು ಹೋದವರಿಗೆ ಕಂಪನಿಯ ಕಚೇರಿಯಲ್ಲಿ ಒಂದು ಪುಸ್ತಿಕೆ ಕೊಟ್ಟರು. ಅದರಲ್ಲಿ ಹುಂಜ ಹಿಡಿದ ತಾದೆವುಸನ ಫೋಟೋ ಇತ್ತು. ಗೋಲೊ ಲೆಂಬುವಿನ ಜನ, ತಮ್ಮ ಹಿರಿಯರ ಅನುಮತಿಯೊಂದಿಗೆ, ಬಾವಿಗಳಿಗೆ ಒಪ್ಪಿದ್ದಾರೆ ಎಂದು ಕೆಳಗೆ ಅಚ್ಚಾಗಿತ್ತು.

ಊರು ಕುದಿಯಿತು. ಅರುವತ್ತು ಮನೆಗಳು ಕುಡಿಯುವುದು ಆ ನೀರು, ಗದ್ದೆಗೆ ಹಾಯುವುದು ಆ ನೀರು, ಸತ್ತವರು ಇರುವುದು ಆ ಕಾಡಿನಲ್ಲಿ. ಯಂತ್ರಗಳು ಬರುವ ತಿರುವಿನಲ್ಲಿ ಹೆಂಗಸರು ಚಾಪೆ ಹಾಸಿ ಕುಳಿತುಬಿಟ್ಟರು. ಅಲ್ಲೇ ಕಾಫಿ ಬೀಜ ಆರಿಸುವುದು, ಅಲ್ಲೇ ಮಕ್ಕಳಿಗೆ ಹಾಲೂಡಿಸುವುದು. ಪೊಲೀಸರು ಬಂದರೂ ಏಳುತ್ತಿರಲಿಲ್ಲ. ತಾದೆವುಸ್ ಆ ದಾರಿಯಲ್ಲಿ ಹೋದರೆ ಮಾತ್ರ ಮುಖ ತಿರುಗಿಸುತ್ತಿದ್ದರು.

"ಹುಂಜ ರುಚಿಯಾಗಿತ್ತಾ, ಎಮಾ ತಾದು?"

"ಅವರಿಗೆ ಬರೀ ಹುಂಜ ಸಾಕಾಗ್ಲಿಲ್ಲ ಅಂತ ಕಾಣುತ್ತೆ ಕಣೇ. ಬೆಟ್ಟನೇ ಎಲೆಗೆ ಬಡಿಸಿದಾರೆ."

ಆ ಚಾಪೆಯ ಮೇಲೆ ಅವನ ಹೆಂಡತಿ ಲುದೊವಿಕಾಳೂ ಕುಳಿತಿರುತ್ತಿದ್ದಳು; ತಲೆ ತಗ್ಗಿಸಿ ಬೀಜ ಆರಿಸುತ್ತಿದ್ದಳು.

ಅವನ ತಂಗಿಯ ಮಗ ರೋಫಿನುಸ್ ನನ್ನ ಶಿಷ್ಯ, ಹೋರಾಟದ ಮುಂದಾಳು. ಒಂದು ದಿನ, ತಾದೆವುಸನ ಸಹಿ ಹಾಕಿಸಿ ಕಂಪನಿಗೆ ಕೊಡಲು, ನನ್ನಿಂದ ಕಾಗದ ಬರೆಸಿದ. ನೆಂಟರನ್ನು ಎದುರುಗೊಂಡದ್ದು ಬಾವಿಗಳಿಗೆ ಕೊಟ್ಟ ಒಪ್ಪಿಗೆಯಲ್ಲ, ನಮ್ಮ ಹಿರಿಯರು ಯಾವ ಅನುಮತಿಯನ್ನೂ ನೀಡಿಲ್ಲ, ಎಂದಿಷ್ಟೇ ಒಕ್ಕಣೆ. ತಾದೆವುಸ್ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದ. ಪೆನ್ನು ಹಿಡಿದ. ಮತ್ತೆ ಕೆಳಗಿಟ್ಟ.

"ಯಾಕೆ ಮಾವ?" ಎಂದ ರೋಫಿನುಸ್. "ಸುಳ್ಳೇನಿದೆ ಇದ್ರಲ್ಲಿ?"

"ನಾನು ಹಾಕಲ್ಲ ಕಣಪ್ಪ."

"ಹಾಗಾದ್ರೆ ಜನ ಅನ್ನೋದು ನಿಜಾನೇ ಅಂತ ಆಯ್ತು."

ತಾದೆವುಸ್ ಎದ್ದು ಹೊರಗೆ ಹೋದ. ರೋಫಿನುಸ್ ಅಂದಿನಿಂದ ಅವನನ್ನು ಮಾವ ಎಂದು ಕರೆಯುವುದನ್ನು ನಿಲ್ಲಿಸಿದ.

ಆ ನವೆಂಬರಿನಲ್ಲಿ ಎಂದಿನಂತೆ ಒರತೆಗೆ ಹೋದೆವು. ಜನ ಕಡಿಮೆ. ತಾದೆವುಸ್ ಮೊಟ್ಟೆಯನ್ನಿಟ್ಟು ಹೆಸರುಗಳನ್ನು ಕರೆದ. ಹಾವುಮೀನು ಬರಲಿಲ್ಲ. ಎರಡನೆಯ ಸಲ ಕರೆದ. ಮೂರನೆಯ ಸಲ, ತಂದೆಯ ಹೆಸರಿನಲ್ಲಿ ಅವನ ಧ್ವನಿ ಒಡೆಯಿತು. ಕೆಳಗಿನಿಂದ ಸ್ಥಾವರದ ಸದ್ದು ಬೆಟ್ಟದ ಮೈಯೊಳಗೆ ಹರಿದು ಬಂದು ನಮ್ಮ ಅಂಗಾಲಿನಲ್ಲಿ ನಿಂತಿತ್ತು. ಆ ಮೊಟ್ಟೆ ಏಳು ದಿನ ಹಾಗೆಯೇ ಇತ್ತಂತೆ. ಏಡಿ ಮುಟ್ಟಲಿಲ್ಲ, ಪುನುಗುಬೆಕ್ಕು ಮುಟ್ಟಲಿಲ್ಲ.

ಲುದೊವಿಕಾ ಒಂದು ದಿನ ನನ್ನ ಮನೆಗೆ ಬಂದಳು. "ನೀವಾದ್ರೂ ಕೇಳಿ, ಗುರುಗಳೇ. ಇವರು ಕೋಳಿ ಮುಟ್ಟಲ್ಲ. ಕಾಫಿ ಹಣ್ಣು ಬಿಡಿಸೋಕೆ ಹೋದ್ರೆ ಖಾಲಿ ಬುಟ್ಟಿ ತರ್ತಾರೆ. ಗಿಡಕ್ಕೆ ಬೆನ್ನು ಹಾಕಿ ನಿಂತು ಯಾರ ಹತ್ರನೋ ಮಾತಾಡ್ತಿರ್ತಾರೆ. ಯಾರಪ್ಪಾ ಅಂತ ನೋಡಿದ್ರೆ ಯಾರೂ ಇರಲ್ಲ."

"ಏನು ಮಾತಾಡ್ತಾನೆ?"

"ಮಾತಾಡೋದಲ್ಲ. ಕೇಳಿಸ್ಕೊಳ್ತಾರೆ. ಹೂಂ, ಹೂಂ ಅಂತಾರೆ, ಬೈಸ್ಕೊಂಡ ಹಾಗೆ."

ನಾನು ಅವನನ್ನು ಶಾಲೆಯ ಜಗಲಿಗೆ ಕರೆಸಿದೆ. ಮಧ್ಯಾಹ್ನದ ಮಂಜು ಅಂಗಳವನ್ನು ತುಂಬಿ ಧ್ವಜದ ಕಂಬವೂ ಕಾಣದಂತಾಗಿತ್ತು. ಅವನು ಗೋಡೆಗೆ ಒರಗದೆ, ಬಾಗಿಲಿಗೆ ಬೆನ್ನು ಕೊಡದೆ, ಮೂಲೆಯಲ್ಲಿ ಕುಳಿತ.

"ಅಪ್ಪನ ಕೆಮ್ಮು ಕೇಳಿಸುತ್ತೆ, ಗುರುಗಳೇ," ಎಂದ. "ಡೋಲುಮನೇಲಿ. ನಾನು ಒಳಗೆ ಕಾಲಿಟ್ಟ ಕೂಡ್ಲೇ ನಿಂತುಹೋಗುತ್ತೆ. ನನ್ನ ಜೊತೆ ಮಾತು ಬಿಟ್ಟಿದಾರೆ ಎಲ್ಲಾರೂ."

"ಯಾಕೆ ಬಿಡ್ತಾರೆ?"

ಅವನು ತನ್ನ ಎರಡು ತೋರುಬೆರಳುಗಳನ್ನು ಜೋಡಿಸಿ ಚಾಚಿದ. ನಿಧಾನವಾಗಿ ಬಲಗಡೆಯದನ್ನು ಒಳಕ್ಕೆ ಮಡಚಿದ.

"ಹೀಗಿತ್ತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಮತ್ತೆ ಚೆನ್ನಾಗಿದೆ ಅಂದೆಯಲ್ಲ?"

"ಊಟಕ್ಕೆ ಎಲೆ ಹಾಕಿ ಆಗಿತ್ತು. ಆ ಮನುಷ್ಯ ನನ್ನ ಎದುರಿಗೇ ಕೂತಿದ್ದ, ಕೈ ಮುಗಿದುಕೊಂಡು. ನಿನ್ನನ್ನ ನಮ್ಮೋರು ಬೇಡ ಅಂತಿದಾರೆ ಅಂತ ಮನೆಗೆ ಬಂದೋನ ಮುಖಕ್ಕೆ ಹೇಗೆ ಹೇಳ್ಲಿ? ಕಾಡು ನೋಡಿ ಹೋಗ್ತಾನೆ ಅಷ್ಟೇ ಅಂದ್ಕೊಂಡೆ. ಆಮೇಲೆ ಒರತೆ ಹತ್ರ ಹೋಗಿ ತಪ್ಪಾಯ್ತು ಅಂತ ಹೇಳಿ ಸರಿ ಮಾಡ್ಕೊಳ್ಳೋಣ ಅಂದ್ಕೊಂಡೆ."

"ಹೋಗ್ಲಿ ಬಿಡು ತಾದು. ಒಂದು ಕೋಳಿ ಕರುಳು ತಾನೆ. ರೋಫಿನುಸನ ಕಾಗದಕ್ಕೆ ಸಹಿ ಹಾಕು, ಮುಗೀತು."

ಈ ಮಾತನ್ನು ನಾನು ಆಡಬಾರದಿತ್ತು. ಮೂವತ್ತು ವರ್ಷಗಳ ಸ್ನೇಹದಲ್ಲಿ ಅವನು ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ.

"ಅನುಮತಿ ಕೊಟ್ಟಿಲ್ಲ ಅಂತ ಬರೆದಿದೀರಿ. ನಾನು ಅವರೆಲ್ಲರ ಎದುರಿಗೆ, ಅವರ ಹೆಸರಲ್ಲೇ, ಒಪ್ಪಿದಾರೆ ಅಂತ ಬಾಯಿಬಿಟ್ಟು ಹೇಳಿದೀನಿ. ಈಗ ಅದನ್ನ ಹೇಳೇ ಇಲ್ಲ ಅಂದ್ರೆ ಎರಡನೇ ಸುಳ್ಳಾಗುತ್ತೆ. ನಿಜ ಹೇಳ್ಬೇಕು ಅಂದ್ರೆ ಡೋಲುಮನೇಲಿ, ಕಂಬದ ಮುಂದೆ ಹೇಳ್ಬೇಕು. ಕರುಳು ನೋಡಿ ಸುಳ್ಳು ಹೇಳ್ದೆ ಅಂತ ಒಪ್ಕೊಂಡೋನು ಆಮೇಲೆ ಅಲ್ಲಿ ಬಾಯಿ ತೆಗೆಯೋ ಹಾಗಿಲ್ಲ, ಗುರುಗಳೇ. ಸಾಯೋ ತನಕ. ನನಗೆ ಬರೋದು ಅದೊಂದೇ ಕೆಲಸ."

ಮಾರನೆಯ ವರ್ಷದ ಮಾರ್ಚಿನಲ್ಲಿ ಕಂಪನಿಗೆ ಹಣ ಕೊಡಲಿದ್ದ ಬ್ಯಾಂಕಿನ ಇಬ್ಬರು, ಜನರ ಒಪ್ಪಿಗೆ ನಿಜವೇ ಎಂದು ವಿಚಾರಿಸಲು ಬಂದರು. ಸಭೆ ಡೋಲುಮನೆಯಲ್ಲೇ ನಡೆಯಿತು. ಹೆಂಗಸರು ಚಾಪೆ ಸುತ್ತಿಕೊಂಡು ದಾರಿಯಿಂದ ಎದ್ದು ಬಂದಿದ್ದರು. ರೋಫಿನುಸ್ ಆವೇಶದಿಂದ ಮಾತನಾಡಿದ. ಬ್ಯಾಂಕಿನವರಲ್ಲಿ ಹಿರಿಯಳಾಗಿದ್ದ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, ಪುಸ್ತಿಕೆಯನ್ನು ತೆರೆದು ಫೋಟೋ ತೋರಿಸಿದಳು. ಇದು ಒಪ್ಪಿಗೆಯಲ್ಲವಾದರೆ ಏನು ಎಂಬುದು ಅವಳ ಪ್ರಶ್ನೆ. ಹಾರ್ಯಾದಿ ಪಕ್ಕದಲ್ಲೇ ಇದ್ದರು. ಎಲ್ಲರ ಕಣ್ಣೂ ತಾದೆವುಸನ ಮೇಲಿತ್ತು.

ಅವನು ಎದ್ದ. ಬಂದವರ ಕಡೆ ನೋಡಲಿಲ್ಲ. ನಡುಗಂಬದ ಮುಂದೆ ಮಂಡಿಯೂರಿ, ಹೆಸರು ಕರೆಯುವಾಗಿನ ದೊಡ್ಡ ಧ್ವನಿಯಲ್ಲಲ್ಲ, ಮನೆಯಲ್ಲಿ ಮಾತನಾಡುವ ಧ್ವನಿಯಲ್ಲಿ ಹೇಳಿದ:

"ಅಪ್ಪಾ, ನಾನು ತಾದು. ನೀವೆಲ್ಲ ಕೂತಿದೀರಿ ಅಂತ ಗೊತ್ತು. ಆವತ್ತು ನೆಂಟರು ತಂದ ಹುಂಜದಲ್ಲಿ ನೀವು ಬೇಡ ಅಂದ್ರಿ. ಬಲಗಡೆ ಎಳೆ ಗಿಡ್ಡ ಇತ್ತು, ಮಡಚಿಕೊಂಡಿತ್ತು. ನಾನು ನೋಡ್ದೆ. ನೋಡಿಯೂ ಚೆನ್ನಾಗಿದೆ ಅಂದೆ. ನೀವು ಹೇಳಿದ್ದನ್ನ ಮುಚ್ಚಿಟ್ಟು, ಹೇಳದೇ ಇದ್ದದ್ದನ್ನ ನಿಮ್ಮ ಬಾಯಿಗೆ ತುರುಕಿದೆ. ಆ ಮಾತು ನಿಮ್ದಲ್ಲ, ನಂದು. ಇನ್ನು ಮೇಲೆ ನನ್ನ ಬಾಯಿಂದ ನಿಮ್ಮ ಮಾತು ಬರಲ್ಲ."

ತಲೆಯ ವಸ್ತ್ರವನ್ನು ಬಿಚ್ಚಿ ಕಂಬದ ಬುಡದಲ್ಲಿಟ್ಟ. ತೂಗುಹಾಕಿದ್ದ ಡೋಲುಗಳ ಚರ್ಮ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಅದು ಕೆಳಗಿನ ಸ್ಥಾವರದ ಅದುರುವಿಕೆ ಎಂದು ನನಗೆ ಗೊತ್ತಿತ್ತು. ಆದರೂ ಯಾರೂ ಅವುಗಳ ಕಡೆ ನೋಡಲಿಲ್ಲ.

ನಾನು ಬ್ಯಾಂಕಿನವರಿಗೆ ಅವನ ಮಾತನ್ನು ಸರಕಾರಿ ಭಾಷೆಯಲ್ಲಿ ತಿಳಿಸಿದೆ. ಆ ಹೆಂಗಸು ಬರೆದುಕೊಂಡಳು, ಪುಸ್ತಿಕೆಯನ್ನು ಮುಚ್ಚಿದಳು. ಹಾರ್ಯಾದಿಯವರ ಮುಖ ಬಿಳಿಚಿತ್ತು. "ಆವತ್ತೇ ಹೇಳಬಹುದಿತ್ತಲ್ಲ, ಬಾಪಾ," ಎಂದರು.

"ಆವತ್ತು ನೀವು ನೆಂಟರಾಗಿದ್ರಿ," ಎಂದ ತಾದೆವುಸ್.

ಮೇಲಿನ ಕಾಡಿನ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ ಎಂದು ಆ ವರ್ಷದ ಕೊನೆಯಲ್ಲಿ ಕಾಗದ ಬಂತು. ಸದ್ಯಕ್ಕೆ ಎಂಬ ಮಾತು ಇಂದಿಗೂ ಹಾಗೆಯೇ ಇದೆ. ಗೂಟಗಳನ್ನು ಯಾರೂ ಕಿತ್ತಿಲ್ಲ. ಕೆಂಪು ಬಣ್ಣದ ಮೇಲೆ ಪಾಚಿ ಬೆಳೆದಿದೆ. ಕೆಳಗಿನ ಸ್ಥಾವರ ನಡೆಯುತ್ತಲೇ ಇದೆ. ಊರಿನ ದೊಡ್ಡವರು ಸೇರಿ ರೋಫಿನುಸನನ್ನು ಮಾತುಗಾರನನ್ನಾಗಿ ಮಾಡಿದರು. ತಾದೆವುಸನನ್ನು ಉಳಿಸಿಕೊಳ್ಳೋಣವೆಂದು ಒಬ್ಬಿಬ್ಬರು ಹೇಳಿದರಂತೆ. ಬೇಡವೆಂದವನು ಅವನೇ. ಹೆಂಗಸರು ಈಗ ಅವನನ್ನು ಹಂಗಿಸುವುದಿಲ್ಲ. ರೋಫಿನುಸ್ ಮತ್ತೆ ಮಾವ ಎನ್ನುತ್ತಾನೆ. ಆದರೆ ಡೋಲುಮನೆಯ ಒಳಗೆ ತಾದೆವುಸ್ ಮತ್ತೆ ಕಾಲಿಟ್ಟಿಲ್ಲ. ಅಪ್ಪನ ಕೆಮ್ಮು ಈಗಲೂ ಕೇಳಿಸುವುದೇ ಎಂದು ಒಮ್ಮೆ ಕೇಳಿದೆ. "ಹೊರಗಿಂದ ಹೇಗೆ ಗೊತ್ತಾಗ್ಬೇಕು, ಗುರುಗಳೇ," ಎಂದ.

ಈಗ ಅವನಿಗೆ ಅರುವತ್ತು ದಾಟಿದೆ. ಒರತೆಯ ದಾರಿಯನ್ನು ಸವರುವ ಕೆಲಸವನ್ನು, ಯಾರೂ ಹೇಳದೆಯೇ, ತನ್ನದಾಗಿ ಮಾಡಿಕೊಂಡಿದ್ದಾನೆ. ವಾರಕ್ಕೆರಡು ಸಲ ಕತ್ತಿ ಹಿಡಿದು ಹೋಗಿ ಜರಿಗಿಡಗಳನ್ನು ಕಡಿಯುತ್ತಾನೆ, ಜಾರುವಲ್ಲಿ ಕಲ್ಲು ಹಾಸುತ್ತಾನೆ. ಒರತೆ ಕಾಣುವ ಕೊನೆಯ ತಿರುವಿನಿಂದ ಹಿಂದಿರುಗುತ್ತಾನೆ. ನವೆಂಬರಿನಲ್ಲಿ ರೋಫಿನುಸ್ ಹೆಸರು ಕರೆಯಲು ಹೋಗುವಾಗ, ತಾದೆವುಸ್ ಅದೇ ತಿರುವಿನಲ್ಲಿ, ದಾರಿ ಬಿಟ್ಟು ಜರಿಗಿಡಗಳ ನಡುವೆ, ಮುಖ ಆಚೆ ಮಾಡಿ ನಿಂತಿರುತ್ತಾನೆ. ಕರೆ ಮುಗಿದ ಮೇಲೆ ಬದುಕಿರುವವರು ಹಿಂದಿರುಗಿ ನೋಡದೆ ಊರಿನ ಕಡೆಗೆ ನಡೆಯಬೇಕು. ಸತ್ತವರು ಅವರ ಹಿಂದೆ ಊಟಕ್ಕೆ ಬರುತ್ತಾರೆ.

ಹೋದ ವರ್ಷ ಮಂಡಿನೋವಿನಿಂದ ನನಗೆ ಒರತೆಯವರೆಗೆ ಹೋಗಲಾಗಲಿಲ್ಲ. ತಿರುವಿನ ಬಂಡೆಯ ಮೇಲೆ ಕುಳಿತಿದ್ದೆ. ಲುದೊವಿಕಾ ಜೊತೆಗಿದ್ದಳು. ಕರೆ ಮುಗಿಸಿ ಊರಿನ ಕಡೆಗೆ ರೋಫಿನುಸ್ ಹಾದುಹೋದ, ಡೋಲಿನವರು ಹೋದರು, ಕೊನೆಗೆ ಚಿಕ್ಕ ಮಕ್ಕಳನ್ನೆತ್ತಿಕೊಂಡ ಹೆಂಗಸರೂ ಹೋದರು. ಮಂಜು ಇಳಿಯತೊಡಗಿತು. ತಾದೆವುಸ್ ಕದಲಲಿಲ್ಲ.

"ಎಲ್ಲಾರೂ ಹೋಗಿ ಆಯ್ತು, ಬನ್ನಿ," ಎಂದು ಲುದೊವಿಕಾ ಕರೆದಳು. "ಅನ್ನ ಆರ್ತಾ ಇದೆ."

"ಇರೇ," ಎಂದ ಅವನು, ತಿರುಗದೆಯೇ. "ಇನ್ನೂ ಹೋಗ್ತಾ ಇದಾರೆ."

ದಾರಿಗೆ ಚಾಚಿದ್ದ ಕಾಲುಗಳನ್ನು ನಾನು ಒಳಕ್ಕೆ ಎಳೆದುಕೊಂಡೆ. ಅವನು ಕತ್ತಿಯನ್ನು ಬೆನ್ನ ಹಿಂದೆ ಹಿಡಿದು, ಇನ್ನೂ ಒಂದು ಹೆಜ್ಜೆ ಜರಿಗಿಡಗಳೊಳಕ್ಕೆ ಸರಿದು ಜಾಗ ಬಿಟ್ಟ.